ದಾನ, ಒಪ್ಪಿಗೆ, ಪಾತ್ರತೆ

ದೇಹವನ್ನೇ ಕೊಯ್ದು ಕೊಟ್ಟವರ ಕಥೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಮರೆಹೊಕ್ಕ ಪಾರಿವಾಳವನ್ನು ಉಳಿಸುವುದಕ್ಕಾಗಿ ಶಿಬಿ ಚಕ್ರವರ್ತಿ ತನ್ನ ತೊಡೆಯ ಮಾಂಸವನ್ನು ಕೊಯ್ದು ತಕ್ಕಡಿಯಲ್ಲಿಟ್ಟ. ವೃತ್ರನನ್ನು ಕೊಲ್ಲುವ ಆಯುಧಕ್ಕಾಗಿ ದಧೀಚಿ ತನ್ನ ಎಲುಬುಗಳನ್ನೇ ದೇವತೆಗಳಿಗೆ ಬಿಟ್ಟುಕೊಟ್ಟ. ಕರ್ಣ ಮೈಯೊಡನೆ ಹುಟ್ಟಿದ ಕವಚವನ್ನು ಸುಲಿದು ಇಂದ್ರನ ಕೈಗಿತ್ತ. ಹರಿಹರನ ರಗಳೆಯ ಬೇಡ ಕಣ್ಣಪ್ಪ, ಶಿವನ ಕಣ್ಣು ನೊಂದದ್ದನ್ನು ಕಂಡು ತನ್ನ ಕಣ್ಣನ್ನೇ ಕಿತ್ತು ಅಲ್ಲಿಟ್ಟ.

ಇಂದು ಅಂಗದಾನದ ಮಾತು ಬಂದಲ್ಲೆಲ್ಲ ಈ ಹೆಸರುಗಳು ಮೊದಲು ಬರುತ್ತವೆ. ಪ್ರಚಾರದ ಹಾಳೆಗಳಲ್ಲಿ, ಸಭೆಗಳ ಸ್ವಾಗತ ಭಾಷಣಗಳಲ್ಲಿ ದಧೀಚಿಯೂ ಕರ್ಣನೂ ಕಾಣಿಸಿಕೊಳ್ಳುತ್ತಾರೆ. ಈ ಕಾವ್ಯಗಳನ್ನು ತರಗತಿಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದವನಾದ ನನಗೆ ಇದರಿಂದ ಸಂತೋಷವೇ. ಜೊತೆಗೆ ಒಂದು ಶಂಕೆಯೂ ಉಂಟು. ಆ ಕಥೆಗಳಲ್ಲಿ ಕೊಡುವವನು ಎದ್ದು ನಿಂತಿದ್ದಾನೆ. ತನ್ನ ಬಾಯಿಂದಲೇ ‘ಕೊಟ್ಟೆ’ ಎನ್ನುತ್ತಾನೆ. ಬೇಡುವವನು ಎದುರಿಗೇ ಇದ್ದಾನೆ. ನಡುವೆ ಮೂರನೆಯವರಿಲ್ಲ. ಇಂದಿನ ಆಸ್ಪತ್ರೆಯಲ್ಲಿ ಕೊಡುವವನು ಮಾತಿಲ್ಲದೆ ಮಲಗಿರುತ್ತಾನೆ. ಪಡೆಯುವವನು ಎಲ್ಲಿದ್ದಾನೆಂದು ಯಾರಿಗೂ ಕಾಣದು. ‘ಕೊಟ್ಟೆವು’ ಎಂದು ಹೇಳಬೇಕಾದವರು ಹೊರಗಿನ ಮೊಗಸಾಲೆಯಲ್ಲಿ ಅಳುತ್ತ ನಿಂತ ಹೆಂಡತಿ ಮಕ್ಕಳು, ತಂದೆ ತಾಯಿ. ಆದ್ದರಿಂದ ಕೊಡುವುದು ದೊಡ್ಡದು ಎಂದು ಹೊಗಳಿದರೆ ಸಾಲದು. ಯಾರು ಕೊಡಬಹುದು, ಯಾರ ಒಪ್ಪಿಗೆಯಿಂದ ಕೊಡಬಹುದು, ಕೊಟ್ಟದ್ದು ಯಾರಿಗೆ ಸೇರಬೇಕು ಎಂಬ ಮೂರು ಪ್ರಶ್ನೆಗಳನ್ನು ನಾವು ಬಿಡಿಸಿ ನೋಡಬೇಕಾಗುತ್ತದೆ. ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಮಾತುಗಳ ಅರ್ಥವನ್ನು ಹುಡುಕುವುದು ನನ್ನ ಕಸುಬಾಗಿತ್ತು. ದಾನ, ಒಪ್ಪಿಗೆ, ಪಾತ್ರತೆ ಎಂಬ ಮೂರು ಮಾತುಗಳನ್ನು ಹಿಡಿದು ಇಂದು ನಿಮ್ಮೊಡನೆ ಯೋಚಿಸಬೇಕೆಂದಿದ್ದೇನೆ.

ಕಸಿ ಎಂಬ ಮಾತು ತೋಟದಿಂದ ಬಂದದ್ದು. ಕಾಡು ಮಾವಿನ ಬುಡಕ್ಕೆ ಒಳ್ಳೆಯ ಜಾತಿಯ ಕುಡಿಯನ್ನು ಕಟ್ಟಿದರೆ ಎರಡೂ ಒಂದಾಗಿ ಬೆಳೆಯುತ್ತವೆ. ಮನುಷ್ಯದೇಹದ ಸ್ವಭಾವ ಬೇರೆ. ಅದು ತನ್ನದಲ್ಲದ್ದನ್ನು ಗುರುತಿಸಿ ಹೊರಗೆ ತಳ್ಳುತ್ತದೆ. ಆದಕಾರಣ ಮೊದಲ ಸಫಲವಾದ ಮೂತ್ರಪಿಂಡದ ಕಸಿ ನಡೆದದ್ದು ಒಂದೇ ತೆರನಾದ ಅವಳಿ ಸೋದರರ ನಡುವೆ. 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ಡಾಕ್ಟರ್ ಜೋಸೆಫ್ ಮರ್ರೆ ಅವರು ರೊನಾಲ್ಡ್ ಹೆರಿಕ್ ಎಂಬಾತನ ಒಂದು ಮೂತ್ರಪಿಂಡವನ್ನು ತೆಗೆದು ಅವನ ಸೋದರ ರಿಚರ್ಡನಿಗೆ ಜೋಡಿಸಿದರು. ರಿಚರ್ಡ್ ಇನ್ನೂ ಎಂಟು ವರ್ಷ ಬದುಕಿದ. ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ಬಂತು. ದೇಹದ ತಿರಸ್ಕಾರವನ್ನು ಅಡಗಿಸುವ ಔಷಧಗಳು ಬಂದ ಮೇಲೆ, ಅದರಲ್ಲೂ 1980ರ ದಶಕದಲ್ಲಿ ಸೈಕ್ಲೊಸ್ಪೊರಿನ್ ಬಳಕೆಗೆ ಬಂದ ಮೇಲೆ, ಅವಳಿಯಲ್ಲದವರ ನಡುವೆಯೂ, ಸಂಬಂಧವೇ ಇಲ್ಲದವರ ನಡುವೆಯೂ ಕಸಿ ಸಾಧ್ಯವಾಯಿತು. ನಮ್ಮ ದೇಶದಲ್ಲಿ ಬದುಕಿರುವ ದಾನಿಯಿಂದ ಪಡೆದ ಮೂತ್ರಪಿಂಡದ ಕಸಿ 1971ರಲ್ಲಿ ವೆಲ್ಲೂರಿನಲ್ಲಿ ಸಫಲವಾಯಿತು.

ಬಾಸ್ಟನ್ನಿನ ಆ ದಿನ ವೈದ್ಯಶಾಸ್ತ್ರಕ್ಕೆ ಒಂದು ಹೊಸ ಧರ್ಮಸಂಕಟವನ್ನೂ ತಂದಿತು. ಅದುವರೆಗೆ ವೈದ್ಯನು ಕತ್ತಿ ಹಿಡಿಯುತ್ತಿದ್ದದ್ದು ಯಾರ ಮೈಯನ್ನು ಕೊಯ್ಯುತ್ತಾನೋ ಅವರ ಹಿತಕ್ಕಾಗಿ. ಈಗ ಯಾವ ರೋಗವೂ ಇಲ್ಲದ ಮನುಷ್ಯನನ್ನು, ಇನ್ನೊಬ್ಬನ ಹಿತಕ್ಕಾಗಿ, ಕೊಯ್ಯಬೇಕಾಯಿತು. ಇದನ್ನು ನ್ಯಾಯವೆಂದು ಹೇಳಲು ಇರುವ ಆಧಾರ ಮುಖ್ಯವಾಗಿ ಒಂದೇ: ಕೊಡುವವನ ಒಪ್ಪಿಗೆ. ಹಾಗಾದರೆ ಒಪ್ಪಿಗೆ ಎಂದರೇನು?

ಇಲ್ಲಿ ನನಗೆ ಶಿಬಿ ದಧೀಚಿಗಳಿಗಿಂತ ಬೇರೆ ಇಬ್ಬರು ನೆನಪಾಗುತ್ತಾರೆ. ಒಬ್ಬ ಏಕಲವ್ಯ. ಅವನೂ ಬಾಯಿಬಿಟ್ಟು ಒಪ್ಪಿದ, ತನ್ನ ಕೈಯಿಂದಲೇ ಹೆಬ್ಬೆರಳನ್ನು ಕತ್ತರಿಸಿಕೊಟ್ಟ. ಆದರೆ ಕೇಳಿದವನು ಗುರು, ಕೇಳಿದ್ದು ಗುರುದಕ್ಷಿಣೆ. ‘ಇಲ್ಲ’ ಎನ್ನುವ ಬಾಗಿಲು ಅವನಿಗೆ ತೆರೆದಿತ್ತೆ? ಇನ್ನೊಬ್ಬ ಪುರು. ಮುಪ್ಪಿನ ಶಾಪ ಹೊತ್ತ ಯಯಾತಿ ತನ್ನ ಐವರು ಮಕ್ಕಳನ್ನು ಯೌವನ ಬೇಡಿದ. ನಾಲ್ವರು ಒಲ್ಲೆವೆಂದರು, ಶಾಪಕ್ಕೆ ಗುರಿಯಾದರು. ಕಿರಿಯ ಪುರು ಕೊಟ್ಟ, ರಾಜ್ಯ ಪಡೆದ. ಒಂದು ಕಡೆ ಬೆದರಿಕೆ, ಇನ್ನೊಂದು ಕಡೆ ಬೆಲೆ; ನಡುವೆ ನಿಂತ ಮಗನ ‘ಹೂಂ’ ಎಂಬ ಮಾತಿಗೆ ಎಷ್ಟು ತೂಕ? ಗಿರೀಶ ಕಾರ್ನಾಡರು 1961ರಲ್ಲಿ ಪ್ರಕಟವಾದ ತಮ್ಮ ‘ಯಯಾತಿ’ ನಾಟಕದಲ್ಲಿ ಪುರುವಿಗೆ ಚಿತ್ರಲೇಖೆಯೆಂಬ ನವವಧುವನ್ನು ತಂದು ನಿಲ್ಲಿಸಿ, ಹಳೆಯ ಕಥೆ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಿಸಿದರು. ತಂದೆಮಕ್ಕಳ ನಡುವಣ ಈ ಕೊಡುಕೊಳ್ಳುವಿಕೆಯಲ್ಲಿ ಬದುಕು ಕಳೆದುಕೊಳ್ಳುವವಳು ಅವಳು. ಅವಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ನಮ್ಮ ಸಂಸತ್ತು 1994ರಲ್ಲಿ ಮಾಡಿದ ಮಾನವ ಅಂಗಾಂಗ ಕಸಿ ಶಾಸನವನ್ನು ಓದುವಾಗ ಅದು ಈ ಎರಡು ಬಾಗಿಲುಗಳನ್ನೂ, ಎಂದರೆ ಬೆದರಿಕೆಯನ್ನೂ ಬೆಲೆಯನ್ನೂ, ಮುಚ್ಚುವುದಕ್ಕೆ ಹೊರಟಿದೆಯೆಂದು ನನಗೆ ಕಾಣುತ್ತದೆ. ಬದುಕಿರುವಾಗ ಅಂಗ ಕೊಡುವವರು ಹದಿನೆಂಟು ತುಂಬಿದವರಾಗಿರಬೇಕು, ತಿಳಿದು ಒಪ್ಪುವ ಬುದ್ಧಿಸ್ವಾಸ್ಥ್ಯ ಉಳ್ಳವರಾಗಿರಬೇಕು. ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು ಹತ್ತಿರದ ಬಂಧುಗಳು. 2011ರ ತಿದ್ದುಪಡಿ ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಈ ಪಟ್ಟಿಗೆ ಸೇರಿಸಿತು. ಈ ಬಳಗದ ಹೊರಗಿನವರು ವಾತ್ಸಲ್ಯದಿಂದ ಕೊಡುತ್ತೇವೆಂದರೆ ಅಧಿಕಾರವುಳ್ಳ ಸಮಿತಿಯೊಂದು ಅವರನ್ನು ವಿಚಾರಿಸಿ ಒಪ್ಪಬೇಕು. ಒಳಗೆ ಹಣದ ಮಾತಿಲ್ಲವೆಂದು ಅದಕ್ಕೆ ಮನವರಿಕೆಯಾಗಬೇಕು. ಅಂಗವನ್ನು ಮಾರುವುದೂ ಕೊಳ್ಳುವುದೂ ಅಪರಾಧ. ತಿದ್ದುಪಡಿಯ ಮೇಲೆ ಇದಕ್ಕೆ ಐದರಿಂದ ಹತ್ತು ವರ್ಷದ ಸೆರೆ, 20 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡ.

ಬಡವನು ತನ್ನದನ್ನು ತಾನು ಮಾರಿಕೊಂಡರೆ ಅವನಿಗೂ ಲಾಭ, ರೋಗಿಗೂ ಲಾಭ, ಕಾನೂನಿಗೇಕೆ ಸಂಕಟ ಎಂದು ವಾದಿಸುವ ವಿದ್ವಾಂಸರುಂಟು. ಈ ವಾದಕ್ಕೆ ಉತ್ತರ ನಮ್ಮ ನೆರೆಯ ಮದರಾಸಿನಲ್ಲಿಯೇ ದೊರಕಿದೆ. ಅಲ್ಲಿ ಮೂತ್ರಪಿಂಡ ಮಾರಿಕೊಂಡ 305 ಜನರನ್ನು ಕಂಡು ಮಾತನಾಡಿಸಿ ಬರೆದ ಅಧ್ಯಯನವೊಂದು 2002ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನೂರಕ್ಕೆ 96 ಮಂದಿ ಮಾರಿದ್ದು ಸಾಲ ತೀರಿಸುವುದಕ್ಕೆ. ವರ್ಷಗಳು ಕಳೆದ ಮೇಲೂ ಅವರಲ್ಲಿ ಮುಕ್ಕಾಲು ಪಾಲು ಜನ ಸಾಲದಲ್ಲಿಯೇ ಇದ್ದರು. ಕುಟುಂಬದ ವರಮಾನ ಮೂರರಲ್ಲಿ ಒಂದು ಪಾಲಿನಷ್ಟು ಇಳಿದಿತ್ತು. ಬೇರೆಯವರಿಗೆ ಹೀಗೆ ಮಾಡಿರೆಂದು ಹೇಳುವಿರಾ ಎಂದು ಕೇಳಿದರೆ ನೂರಕ್ಕೆ 79 ಮಂದಿ ಬೇಡವೆಂದರು. ಸಾಲಿಗನು ಬಾಗಿಲಲ್ಲಿ ನಿಂತಿರುವಾಗ ಹಾಕಿದ ರುಜುವಿಗೂ ಏಕಲವ್ಯನ ಒಪ್ಪಿಗೆಗೂ ಹೆಚ್ಚು ವ್ಯತ್ಯಾಸವಿಲ್ಲ.

ಹಣದ ಒತ್ತಾಯವನ್ನು ಕಾನೂನು ಹುಡುಕಿ ಹಿಡಿಯಬಹುದು. ಮನೆಯೊಳಗಿನ ಒತ್ತಾಯವನ್ನು ಹಿಡಿಯುವುದು ಸುಲಭವಲ್ಲ. 1995ರಿಂದ 2021ರವರೆಗೆ ನಮ್ಮ ದೇಶದಲ್ಲಿ ನಡೆದು ಲೆಕ್ಕಕ್ಕೆ ಸಿಕ್ಕ 36 ಸಾವಿರಕ್ಕೂ ಮಿಕ್ಕ ಕಸಿಗಳಲ್ಲಿ 29 ಸಾವಿರಕ್ಕೂ ಹೆಚ್ಚು ಗಂಡಸರಿಗೆ ಆದವು. ಹೆಂಗಸರಿಗೆ ದೊರೆತದ್ದು ಏಳು ಸಾವಿರಕ್ಕಿಂತ ಕಡಿಮೆ. ಬದುಕಿದ್ದು ಕೊಟ್ಟವರಲ್ಲಾದರೋ ಬಹುಪಾಲು ಹೆಂಗಸರು, ಹೆಂಡತಿಯರು, ತಾಯಂದಿರು. ರೋಗವೇನೂ ಗಂಡು ಹೆಣ್ಣೆಂದು ಇಷ್ಟು ಭೇದ ಮಾಡುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರೌಢಶಾಲೆಯಲ್ಲಿ ಉಪಾಧ್ಯಾಯ. ಅವನ ಎರಡು ಮೂತ್ರಪಿಂಡಗಳೂ ಕೈಕೊಟ್ಟಾಗ ಅವನ ಹೆಂಡತಿ ತನ್ನದೊಂದನ್ನು ಕೊಟ್ಟಳು. ಇಬ್ಬರೂ ಚೇತರಿಸಿಕೊಂಡ ಮೇಲೆ ನೋಡಲು ಹೋಗಿದ್ದೆ. ಮಾತಿನ ನಡುವೆ, ‘ಮನಸ್ಸಿನಿಂದ ಒಪ್ಪಿಯೇ ಕೊಟ್ಟೆಯೇನಮ್ಮ?’ ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಕೊಟ್ಟಿದ್ದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ ಸಾರ್. ಕೇಳಿದ್ದರೆ ಸಂತೋಷವಾಗಿ ಹೂಂ ಅಂತಿದ್ದೆ. ಆದರೆ ನನ್ನನ್ನು ಯಾರೂ ಕೇಳಲೇ ಇಲ್ಲ. ಇವರಿಗೆ ಅಣ್ಣತಮ್ಮಂದಿರು ಮೂವರಿದ್ದಾರೆ. ಡಾಕ್ಟರು ಹೇಳಿದ ದಿನ ಎಲ್ಲರೂ ನನ್ನ ಮುಖ ನೋಡಿದರು, ಅಷ್ಟೆ.’

ಆಕೆ ಕೊಟ್ಟದ್ದು ಪ್ರೀತಿಯಿಂದಲೇ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕೇಳದೆ ಪಡೆದಾಗ ಪ್ರೀತಿಯಿಂದ ಕೊಟ್ಟವರ ಕೈಯಿಂದಲೂ ಏನೋ ಒಂದನ್ನು ನಾವು ಕಿತ್ತುಕೊಂಡಂತಾಗುತ್ತದೆ. ತಾನಾಗಿ ಕೊಟ್ಟೆನೆಂಬ ಹಿರಿಮೆ ಅದು. 2014ರ ನಿಯಮಗಳು ಇದನ್ನು ಮನಗಂಡಂತಿವೆ. ದಾನಿ ಹೆಂಗಸಾದರೆ ಹೆಚ್ಚಿನ ಎಚ್ಚರ ವಹಿಸಬೇಕು, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವನಲ್ಲದ ಬೇರೆಯವರಿಂದ ಖಚಿತಪಡಿಸಿಕೊಳ್ಳಬೇಕು ಎಂದು ಅವು ಹೇಳುತ್ತವೆ. ಮನಸ್ಸಿಲ್ಲದ ದಾನಿ ಗುಟ್ಟಾಗಿ ಹಾಗೆಂದು ತಿಳಿಸಿದರೆ, ‘ಇವರ ಅಂಗ ಹೊಂದುವುದಿಲ್ಲ’ ಎಂದಷ್ಟೇ ಮನೆಯವರಿಗೆ ಹೇಳಿ ಅವರನ್ನು ಪಾರುಮಾಡುವ ವೈದ್ಯರೂ ಉಂಟು. ಅದು ಅಪ್ಪಟ ಸತ್ಯವಲ್ಲದಿರಬಹುದು. ಆದರೆ ಪುರುವಿನ ಅಣ್ಣಂದಿರಿಗೆ ಅಂಥ ವೈದ್ಯನೊಬ್ಬ ದೊರೆತಿದ್ದರೆ ಶಾಪ ತಪ್ಪುತ್ತಿತ್ತು.

ಬದುಕಿರುವವರ ಮೇಲಿನ ಈ ಭಾರ ಇಳಿಯಬೇಕಾದರೆ ಸತ್ತವರ ಅಂಗಗಳು ದೊರೆಯಬೇಕು. ಒಬ್ಬನ ದೇಹದಿಂದ ಹೃದಯ, ಶ್ವಾಸಕೋಶಗಳು, ಯಕೃತ್ತು, ಎರಡು ಮೂತ್ರಪಿಂಡ, ಇಷ್ಟನ್ನೂ ಹಲವರು ಪಡೆಯಬಹುದು. ಆದರೆ ಇದರಲ್ಲಿ ಜನಸಾಮಾನ್ಯರು ತಿಳಿಯದ ಒಂದು ಸೂಕ್ಷ್ಮವಿದೆ. ಮನೆಯಲ್ಲಿ ತೀರಿಕೊಂಡವರಿಂದ ಈ ಅಂಗಗಳನ್ನು ಪಡೆಯುವಂತಿಲ್ಲ. ರಕ್ತಸಂಚಾರ ನಿಂತೊಡನೆ ಅವು ಕೆಡುತ್ತವೆ. ಕಣ್ಣುಗಳನ್ನು ಮಾತ್ರ ಸುಮಾರು ಆರು ಗಂಟೆಯೊಳಗೆ ಮನೆಯಲ್ಲಿಯೇ ಪಡೆಯಬಹುದು. ಮುಪ್ಪಾಗಲಿ, ಕನ್ನಡಕವಾಗಲಿ, ಪೊರೆ ತೆಗೆಸಿಕೊಂಡದ್ದಾಗಲಿ ಇದಕ್ಕೆ ಅಡ್ಡಿಯಲ್ಲ. ಮಿಕ್ಕ ಅಂಗಗಳು ದೊರೆಯುವುದು ಮಿದುಳು ಸತ್ತವರಿಂದ. ಅಪಘಾತದಲ್ಲಿ ತಲೆಗೆ ಪೆಟ್ಟಾಗಿಯೋ ಮಿದುಳಿನಲ್ಲಿ ರಕ್ತ ಒಸರಿಯೋ ಮಿದುಳಿನ ಕಾಂಡ ಸತ್ತುಹೋಗಿರುತ್ತದೆ. ಅದು ಮತ್ತೆ ಚಿಗುರುವುದಿಲ್ಲ. ಆದರೆ ಯಂತ್ರವು ಉಸಿರಾಡಿಸುತ್ತಿರುವುದರಿಂದ ಹೃದಯ ಇನ್ನೂ ಕೆಲಹೊತ್ತು ಮಿಡಿಯುತ್ತಿರುತ್ತದೆ. ಮೈ ಬೆಚ್ಚಗಿದೆ, ಎದೆ ಏರಿ ಇಳಿಯುತ್ತಿದೆ, ವೈದ್ಯರು ಮಾತ್ರ ಸಾವಾಗಿದೆ ಎನ್ನುತ್ತಾರೆ. ಉಸಿರು ನಿಂತರೆ ಸಾವು ಎಂದು ತಲೆತಲಾಂತರದಿಂದ ನಂಬಿದ ನಾವು ಇದನ್ನು ಒಂದೇ ಗಳಿಗೆಯಲ್ಲಿ ನಂಬುವುದು ಹೇಗೆ?

ಈ ಸಂಶಯ ಅಜ್ಞಾನದ್ದೆಂದು ಜರೆಯುವುದು ಸಲ್ಲದು. ಪಾಶ್ಚಾತ್ಯರಿಗೂ ಇದು ಹೊಸದಾಗಿಯೇ ಇತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯೊಂದು ಮಿದುಳಿನ ಸಾವಿನ ಲಕ್ಷಣಗಳನ್ನು ಗೊತ್ತುಮಾಡಿ ಪ್ರಕಟಿಸಿದ್ದು 1968ರಲ್ಲಿ. ನಮ್ಮ ಶಾಸನ ಸಂಶಯವನ್ನು ಗೌರವಿಸಿದೆ. ಮಿದುಳು ಸತ್ತಿದೆಯೆಂದು ನಾಲ್ವರು ವೈದ್ಯರ ಮಂಡಲಿ ಬರೆದುಕೊಡಬೇಕು. ಪರೀಕ್ಷೆಗಳನ್ನು ಒಂದು ಸಲ ಮಾಡಿ, ಕಡಿಮೆಯೆಂದರೆ ಆರು ಗಂಟೆ ಬಿಟ್ಟು, ಇನ್ನೊಂದು ಸಲ ಮಾಡಬೇಕು. ಕಸಿ ಮಾಡುವ ವೈದ್ಯರಿಗೆ ಈ ಮಂಡಲಿಯಲ್ಲಿ ಸ್ಥಾನವಿಲ್ಲ. ಅಂಗ ಬೇಕಾದವನು ಸಾವನ್ನು ನಿರ್ಣಯಿಸಬಾರದು ಎಂಬ ಈ ಕಟ್ಟುಪಾಡು ಇಡೀ ವ್ಯವಸ್ಥೆಯ ಮೇಲಿನ ನಂಬಿಕೆಗೆ ಅಡಿಗಲ್ಲು.

ಈಗ ಒಪ್ಪಿಗೆಯ ಪ್ರಶ್ನೆ ಮತ್ತೆ ಬರುತ್ತದೆ. ಬದುಕಿದ್ದಾಗ ಇಬ್ಬರು ಸಾಕ್ಷಿಗಳ ಎದುರಿಗೆ, ಅವರಲ್ಲಿ ಒಬ್ಬರು ಹತ್ತಿರದ ಬಂಧು, ಬರೆದುಕೊಟ್ಟ ಒಪ್ಪಿಗೆಗೆ ಶಾಸನದಲ್ಲಿ ಬೆಲೆಯುಂಟು. ಏನೂ ಬರೆಯದೆ ಹೋದರೆ, ಸತ್ತವರು ಬೇಡವೆಂದಿರಲಿಲ್ಲವಾದಲ್ಲಿ, ಬಂಧುಗಳು ಒಪ್ಪಬಹುದು. ರೂಢಿಯಲ್ಲಿ ಬರವಣಿಗೆಯಿದ್ದರೂ ಬಂಧುಗಳನ್ನು ಕೇಳಿಯೇ ಮುಂದುವರಿಯುತ್ತಾರೆ. ಅಳುವ ತಾಯಿಯನ್ನು ಪಕ್ಕಕ್ಕೆ ಸರಿಸಿ ಕಾಗದ ತೋರಿಸುವ ವೈದ್ಯನನ್ನು ನಾನಂತೂ ಕಾಣಬಯಸುವುದಿಲ್ಲ.

ಹೊರದೇಶಗಳಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಬೇಡವೆಂದು ಬರೆಸದವರೆಲ್ಲ ಒಪ್ಪಿದವರೆಂದೇ ಎಣಿಸುವ ಕಾನೂನು ಸ್ಪೇನಿನಲ್ಲಿ 1979ರಲ್ಲಿ ಬಂತು; ವೇಲ್ಸಿನಲ್ಲಿ 2015ರಲ್ಲಿ, ಇಂಗ್ಲೆಂಡಿನಲ್ಲಿ 2020ರಲ್ಲಿ ಇಂಥದ್ದೇ ಜಾರಿಗೆ ಬಂತು. ನಮ್ಮಲ್ಲೂ ಹಾಗೆ ಮಾಡಬಾರದೇಕೆ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಗಾದೆಯನ್ನು ನಮ್ಮ ಸಮಾಜ ಹೇಗೆ ಬಳಸಿಕೊಂಡಿದೆಯೆಂಬುದು ನಮಗೆ ಗೊತ್ತು. ಹಸೆಮಣೆಯ ಮೇಲೆ ತಲೆತಗ್ಗಿಸಿ ಕುಳಿತ ಎಷ್ಟು ಹುಡುಗಿಯರ ಮೌನವನ್ನು ಸಮ್ಮತಿಯೆಂದು ಓದಿಲ್ಲ ನಾವು? ಓದುಬರಹ ಬಾರದ ಕೂಲಿಯವನಿಗೆ, ಬೇಡವೆಂದು ಬರೆಸಲು ಎಲ್ಲಿಗೆ ಹೋಗಬೇಕೆಂದೇ ತಿಳಿಯದವನಿಗೆ, ಮೌನವೊಂದೇ ಗತಿ; ಅದನ್ನು ದಾನವೆಂದು ಕರೆದರೆ ಆ ಮಾತಿನ ಮಾನ ಉಳಿಯದು. ಸ್ಪೇನಿನಲ್ಲಿಯೂ ಕಾನೂನು ಏನೇ ಇರಲಿ, ಮನೆಯವರನ್ನು ಕೇಳದೆ ಮುಂದುವರಿಯುವುದಿಲ್ಲ. ಆ ದೇಶಕ್ಕೆ ಬಂದ ಹೆಸರು ಕಾನೂನಿನ ಬಲದಿಂದ ಬಂದದ್ದಕ್ಕಿಂತ ಹೆಚ್ಚಾಗಿ, 1989ರಿಂದ ಆಸ್ಪತ್ರೆ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆಂದೇ ತರಬೇತಾದ ವೈದ್ಯರನ್ನು ನೇಮಿಸಿ, ದುಃಖಿತರೊಡನೆ ಕುಳಿತು ಮಾತನಾಡಿಸಿದ್ದರಿಂದ ಬಂದದ್ದು.

ಇನ್ನು ಮೂರನೆಯ ಮಾತು, ಪಾತ್ರತೆ. ನಮ್ಮ ಧರ್ಮಶಾಸ್ತ್ರಗಳು ದಾನಕ್ಕೆ ದೇಶ, ಕಾಲ, ಪಾತ್ರಗಳನ್ನು ನೋಡಬೇಕೆಂದವು. ಅಪಾತ್ರದಾನ ಎಂಬ ಬೈಗುಳದಂಥ ಮಾತೇ ನಮ್ಮಲ್ಲಿದೆ. ಪಡೆಯುವವನು ಸುಶೀಲನೆ, ವಿದ್ಯಾವಂತನೆ, ಕುಲೀನನೆ ಎಂದು ಅಳೆಯುವ ಅಧಿಕಾರ ಕೊಡುವವನದು. ಅಂಗದಾನ ಈ ಅಧಿಕಾರವನ್ನು ಕೊಡುವವನ ಕೈಯಿಂದ ತೆಗೆದಿದೆ. ಸತ್ತ ಮಗನ ಹೃದಯ ಇಂಥ ಜಾತಿಯವರಿಗೇ ಹೋಗಲಿ, ಇಂಥ ಮತದವರಿಗೆ ಬೇಡ ಎಂದು ತಂದೆ ಹೇಳುವಂತಿಲ್ಲ. ನನ್ನ ದೃಷ್ಟಿಯಲ್ಲಿ ದಾನದ ನಮ್ಮ ಕಲ್ಪನೆಯಲ್ಲಿ ಆದ ಅತ್ಯಂತ ದೊಡ್ಡ ಬದಲಾವಣೆ ಇದೇ.

ಯೋಗ್ಯತೆಯನ್ನು ಅಳೆಯಹೊರಟರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಸಿಯಾಟಲ್ ನಗರ ಉದಾಹರಣೆ. ಅಲ್ಲಿ ಕೃತಕ ಮೂತ್ರಪಿಂಡದ ಯಂತ್ರಗಳು ಬಂದಾಗ ಯಂತ್ರಗಳು ಕೆಲವು, ರೋಗಿಗಳು ಹಲವರು. ಏಳು ಮಂದಿ ನಾಗರಿಕರ ಸಮಿತಿಯೊಂದು ಯಾರಿಗೆ ಯಂತ್ರ, ಯಾರಿಗಿಲ್ಲ ಎಂದು ಗೊತ್ತುಮಾಡುತ್ತಿತ್ತು. 45 ದಾಟಿದವರನ್ನೂ ಮಕ್ಕಳನ್ನೂ ಮೊದಲೇ ಹೊರಗಿಟ್ಟಿದ್ದರು. ಉಳಿದವರಲ್ಲಿ ಮದುವೆಯಾಗಿದೆಯೆ, ಎಷ್ಟು ಮಕ್ಕಳು, ವರಮಾನವೆಷ್ಟು, ಚರ್ಚಿಗೆ ಹೋಗುತ್ತಾರೆಯೆ ಎಂಬುದನ್ನೆಲ್ಲ ತೂಗುತ್ತಿದ್ದರು. 1962ರಲ್ಲಿ ‘ಲೈಫ್’ ಪತ್ರಿಕೆ ಇದನ್ನು ಬರೆದಾಗ ಜನ ಬೆಚ್ಚಿದರು. ಸಮಿತಿಯವರು ಕೆಟ್ಟವರಾಗಿರಲಿಲ್ಲ, ತಮ್ಮಂಥವರನ್ನೇ ಯೋಗ್ಯರೆಂದು ಕಾಣುವ ಸಾಮಾನ್ಯ ಮನುಷ್ಯರಾಗಿದ್ದರು. ಆ ತಕ್ಕಡಿಯಲ್ಲಿ ಮನೆ ತೊರೆದು ಹೊರಟ ಅಕ್ಕಮಹಾದೇವಿಯನ್ನು ಕೂರಿಸಿ ನೋಡಿ. ಊರೂರು ತಿರಿದುಂಡ ಸರ್ವಜ್ಞನನ್ನು ಕೂರಿಸಿ ನೋಡಿ. ಸಂಸಾರವಿಲ್ಲ, ವರಮಾನವಿಲ್ಲ, ನೆಲೆಯಿಲ್ಲ. ಇಬ್ಬರಿಗೂ ಯಂತ್ರ ದೊರೆಯುತ್ತಿರಲಿಲ್ಲ.

ಐದು ವರ್ಷದ ಮೇಲೆ, 1967ರ ಡಿಸೆಂಬರ್ 3ರಂದು, ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾಕ್ಟರ್ ಕ್ರಿಸ್ಟಿಯಾನ್ ಬರ್ನಾರ್ಡ್ ಮೊತ್ತಮೊದಲು ಮನುಷ್ಯನ ಹೃದಯವನ್ನು ಮನುಷ್ಯನಿಗೆ ಕಸಿ ಮಾಡಿದರು. ಹೃದಯ ಡೆನಿಸ್ ಡಾರ್ವಲ್ ಎಂಬ ಯುವತಿಯದು. ಅಪಘಾತದಲ್ಲಿ ಅದೇ ದಿನ ಹೆಂಡತಿಯನ್ನೂ ಕಳೆದುಕೊಂಡಿದ್ದ ಅವಳ ತಂದೆ ಒಪ್ಪಿಗೆ ಕೊಟ್ಟರು. ಹೃದಯ ಪಡೆದ ಲೂಯಿ ವಾಷ್ಕಾನ್ಸ್ಕಿ 18 ದಿನ ಬದುಕಿದ. ಇದು ಜಗತ್ತಿಗೆಲ್ಲ ತಿಳಿದ ಸಂಗತಿ. ಅಷ್ಟಾಗಿ ಹೇಳದ ಸಂಗತಿ, ಅವಳ ಮೂತ್ರಪಿಂಡವೊಂದು ಹತ್ತು ವರ್ಷದ ಬಾಲಕನೊಬ್ಬನಿಗೆ ಹೋಯಿತೆಂಬುದು. ಅವಳು ಬಿಳಿಯಳು, ಬಾಲಕ ಬಿಳಿಯನಲ್ಲ. ಒಂದೇ ಬೆಂಚಿನ ಮೇಲೆ ಇಬ್ಬರೂ ಕೂರಬಾರದೆಂಬ ಕಾನೂನಿದ್ದ ದೇಶ ಅದು. ಅಲ್ಲಿ ಇದರ ಮೇಲೆ ಗದ್ದಲವೆದ್ದಿತು. ಬೆಂಚನ್ನು ಬೇರೆ ಮಾಡಿದವರಿಗೆ ಒಳಗಿನ ಮಾಂಸಕ್ಕೆ ಬಣ್ಣವಿಲ್ಲವೆಂಬುದು ಅಂದು ಕಣ್ಣಿಗೆ ಕಂಡಿತು.

ಇಂದು ನಮ್ಮಲ್ಲಿ ಪಾತ್ರತೆಯನ್ನು ಅಳೆಯುವುದು ರೋಗದಿಂದ, ಕಾಯುವಿಕೆಯಿಂದ. ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಎಂಬ ಸರ್ಕಾರಿ ಸಂಸ್ಥೆ ಕಾಯುವವರ ಪಟ್ಟಿಯನ್ನು ಇಟ್ಟಿದೆ. ರಕ್ತದ ಗುಂಪು ಹೊಂದಬೇಕು. ಹೃದಯವಾದರೆ ಸುಮಾರು ನಾಲ್ಕು ಗಂಟೆಯೊಳಗೆ ತಲುಪಬೇಕು. ಮೂತ್ರಪಿಂಡಕ್ಕೆ ರಾಷ್ಟ್ರಮಟ್ಟದಲ್ಲಿ ಹಾಕಿಕೊಟ್ಟ ಕ್ರಮದಲ್ಲಿ ಡಯಾಲಿಸಿಸ್ ಮೇಲೆ ಕಳೆದ ಒಂದೊಂದು ತಿಂಗಳಿಗೂ ಅಂಕವಿದೆ. ಎಳೆಯ ಮಕ್ಕಳಿಗೆ ಅಂಕವಿದೆ. ಹಿಂದೆ ತಾವೇ ಅಂಗ ಕೊಟ್ಟು ಇಂದು ಬೇಡುವ ಸ್ಥಿತಿಗೆ ಬಂದವರಿಗೂ ಅಂಕವಿದೆ. ಪದವಿಗೆ, ಜಾತಿಗೆ, ಹೆಸರಿಗೆ ಅಂಕವಿಲ್ಲ. 65 ದಾಟಿದವರು ಪಟ್ಟಿಗೆ ಸೇರುವಂತಿಲ್ಲವೆಂಬ ಹಳೆಯ ಮಿತಿಯನ್ನೂ, ಆಯಾ ರಾಜ್ಯದವರೇ ಆಗಿರಬೇಕೆಂಬ ನಿರ್ಬಂಧವನ್ನೂ ಕೇಂದ್ರ ಸರ್ಕಾರ 2023ರಲ್ಲಿ ತೆಗೆದುಹಾಕಿತು.

ಹಾಗೆಂದು ನ್ಯಾಯ ಪೂರ್ಣವಾಯಿತೆನ್ನಲಾಗದು. ಪಟ್ಟಿಯೊಳಗೆ ಎಲ್ಲರೂ ಸಮಾನರು. ಪಟ್ಟಿಯ ಬಾಗಿಲವರೆಗೆ ಹೋಗುವ ದಾರಿ ಸಮಾನವಾಗಿಲ್ಲ. ಹೆಸರು ಬರೆಸಬೇಕಾದರೆ ಕಸಿಗೆ ಪರವಾನಗಿಯುಳ್ಳ ಆಸ್ಪತ್ರೆಯಲ್ಲಿ ಬರೆಸಬೇಕು. ಅವು ಹೆಚ್ಚಾಗಿ ದೊಡ್ಡ ನಗರಗಳಲ್ಲಿವೆ, ಬಹುಪಾಲು ಖಾಸಗಿಯವು. ಶಸ್ತ್ರಕ್ರಿಯೆಯ ಖರ್ಚಲ್ಲದೆ ಬದುಕಿರುವವರೆಗೂ ನುಂಗಬೇಕಾದ ಔಷಧಗಳ ಖರ್ಚಿದೆ. ಬಡವರ ಕಸಿಗೆ ಸರ್ಕಾರ ಹಣ ಕೊಡುವ ಯೋಜನೆಗಳಿವೆ. ಅವು ತಾಲ್ಲೂಕಿನ ರೋಗಿಯ ಕಿವಿಗೆ ಬಿದ್ದಿವೆಯೆ ಎಂಬುದು ಪ್ರಶ್ನೆ. ಮೋಟಾರ್ ಸೈಕಲ್ಲಿನಿಂದ ಬಿದ್ದು ಮಿದುಳು ಸತ್ತ ಹಳ್ಳಿಯ ಹುಡುಗನ ತಂದೆ ತಾಯಿ ಒಪ್ಪಿಗೆ ಕೊಡುತ್ತಾರೆ. ನಾಳೆ ಅದೇ ತಂದೆಗೆ ಮೂತ್ರಪಿಂಡ ಬೇಕಾದರೆ ಪಟ್ಟಿಯಲ್ಲಿ ಅವನ ಹೆಸರು ಇರುತ್ತದೆಯೆ? ಕೊಡುವಾಗ ಎಲ್ಲರ ಮನೆಯ ಬಾಗಿಲನ್ನೂ ತಟ್ಟುವ ಸಮಾಜ, ಹಂಚುವಾಗಲೂ ಎಲ್ಲರ ಮನೆಯನ್ನು ನೆನೆಯಬೇಕು. ಕೊಡಿರೆಂದು ಪ್ರಚಾರ ಮಾಡುವಷ್ಟೇ ದೊಡ್ಡ ದನಿಯಲ್ಲಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಕಸಿಯ ಅನುಕೂಲ ಬರಲಿ ಎಂದೂ ನಾವು ಕೇಳಬೇಕು.

ಇವೆಲ್ಲ ಸರ್ಕಾರ ಮಾಡಬೇಕಾದ ಕೆಲಸಗಳಾದವು. ನಮ್ಮ ಕೈಯಲ್ಲಿರುವುದೊಂದುಂಟು. ಡಾಕ್ಟರ್ ರಾಜಕುಮಾರ್ ಅವರು ಬದುಕಿದ್ದಾಗಲೇ ನೇತ್ರದಾನದ ಮಾತನ್ನು ಬಹಿರಂಗವಾಗಿ ಆಡಿದ್ದರು. 2006ರ ಏಪ್ರಿಲ್ 12ರಂದು ಅವರು ಹಠಾತ್ತನೆ ತೀರಿಕೊಂಡಾಗ ಆ ಗದ್ದಲದ ನಡುವೆಯೂ ಕಣ್ಣುಗಳು ಸಲ್ಲಬೇಕಾದಲ್ಲಿಗೆ ಸಂದವು. ಅವರ ಮಗ ಪುನೀತ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆ ಮನೆಯಲ್ಲಿ ದಾನದ ಮಾತು ಸಾವಿನ ದಿನ ಹೊಸದಾಗಿ ಹುಟ್ಟಬೇಕಾಗಿರಲಿಲ್ಲ. ಅದು ಅಲ್ಲಿ ಮೊದಲೇ ಇತ್ತು.

ನಮ್ಮ ಮನೆಗಳಲ್ಲಿ ಈ ಮಾತು ಇಲ್ಲ. ಸಾವಿನ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎನ್ನುತ್ತೇವೆ. ಮನೆ ಯಾರಿಗೆ, ಒಡವೆ ಯಾರಿಗೆ ಎಂದು ಉಯಿಲು ಬರೆಸುವವರೂ ಮೈಯ ವಿಚಾರಕ್ಕೆ ಬಾಯಿ ಬಿಡುವುದಿಲ್ಲ. ಕೊನೆಗೆ ಆ ಭಾರವನ್ನೆಲ್ಲ ಒಂದು ರಾತ್ರಿ, ತೀವ್ರ ನಿಗಾ ಘಟಕದ ಹೊರಗೆ, ಏನೂ ತೋಚದೆ ನಿಂತ ಹೆಂಡತಿಯ ಮೇಲೋ ಮಗನ ಮೇಲೋ ಹೊರಿಸಿ ಹೋಗುತ್ತೇವೆ. ‘ಅವರಿಗೆ ಇದು ಇಷ್ಟವಿತ್ತೋ ಇಲ್ಲವೋ’ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರುವುದಿಲ್ಲ. ಒಪ್ಪಿದರೂ ತಪ್ಪಿದೆವೋ ಎಂಬ ಅಳುಕು, ಒಲ್ಲೆವೆಂದರೂ ತಪ್ಪಿದೆವೋ ಎಂಬ ಅಳುಕು. ಅದು ಅವರನ್ನು ಬಹುಕಾಲ ಕಾಡಬಹುದು.

ಆದ್ದರಿಂದ ನಾನು ನಿಮ್ಮನ್ನು ಅಂಗದಾನ ಮಾಡಿರೆಂದು ಬೇಡುತ್ತಿಲ್ಲ. ನಿಮ್ಮ ಮನಸ್ಸಿನಲ್ಲಿರುವುದನ್ನು ಮನೆಯವರಿಗೆ ಹೇಳಿರಿ ಎಂದು ಮಾತ್ರ ಕೇಳುತ್ತೇನೆ. ನಾನು ನನ್ನ ಮಕ್ಕಳಿಗೆ ಹೇಳಿದ್ದೇನೆ. ಈ ವಯಸ್ಸಿನಲ್ಲಿ ನನ್ನ ಯಾವ ಅಂಗ ಯಾರಿಗೆ ಒದಗೀತೆಂಬುದನ್ನು ಆ ಹೊತ್ತಿಗೆ ವೈದ್ಯರು ನೋಡಿಕೊಳ್ಳುತ್ತಾರೆ. ಕಣ್ಣುಗಳಾದರೂ ಉಪಯೋಗಕ್ಕೆ ಬಂದಾವು. ಕೊಡಬೇಕೆಂದಿದ್ದರೆ ಕೊಡುತ್ತೇನೆಂದು ಹೇಳಿರಿ, ಸಾಕ್ಷಿಗಳ ಎದುರಿಗೆ ಬರೆದಿಡಿರಿ. ಮನಸ್ಸು ಒಪ್ಪದಿದ್ದರೆ ಒಪ್ಪದೆಂದೂ ಅಷ್ಟೇ ನಿಸ್ಸಂಕೋಚವಾಗಿ ಹೇಳಿರಿ. ಅದಕ್ಕೆ ಕಾರಣ ಕೊಡಬೇಕಾಗಿಲ್ಲ, ನಾಚಬೇಕಾಗಿಯೂ ಇಲ್ಲ. ಮನೆಯಲ್ಲಿ ಇನ್ನೊಬ್ಬರು ಹೇಳಿದಾಗ ಅದನ್ನು ಕೇಳಿಸಿಕೊಳ್ಳಿರಿ. ಮುಖ್ಯವಾಗಿ, ಇದುವರೆಗೆ ಯಾರೂ ಕೇಳದೆ ಬಿಟ್ಟವರನ್ನು ಕೇಳಿರಿ. ಇಲ್ಲವೆನ್ನುವ ಸ್ವಾತಂತ್ರ್ಯವಿದ್ದೂ ಹೌದೆಂದವರು ಕೊಟ್ಟದ್ದಕ್ಕೆ ಮಾತ್ರ ದಾನವೆಂಬ ಹೆಸರು ಸಲ್ಲುತ್ತದೆ.